ಗಂಡು ಹುಳುವಿನ ಸಾಲಿನಿಂದ ಬಿಟ್ಟುಹೋದ ಇಬ್ಬರು

ನಮ್ಮ ಬೈರಕೂರಿನ ಕೋದಂಡರಾಮಪ್ಪನವರು ರೇಷ್ಮೆ ಬೆಳೆಗಾರರಿಗೆ ಪಾಠ ಹೇಳುತ್ತಲೇ ನಿವೃತ್ತಿಯ ಹತ್ತಿರ ಬಂದವರು. ರೇಷ್ಮೆಹುಳು ಗಂಡೋ ಹೆಣ್ಣೋ ಆಗುವ ಬಗೆಯನ್ನು ಒಬ್ಬರಿಗಾದರೂ ಅರ್ಥ ಮಾಡಿಸಬೇಕೆಂಬುದು ಅವರಿಗೆ ಉಳಿದಿದ್ದ ಆಸೆ. ಕೊನೆಯ ತರಗತಿಯಲ್ಲಿ ಅವರು ಬೋರ್ಡನ್ನು ಬಿಟ್ಟು, ಬೆಳೆಗಾರರನ್ನೇ ಕೈ ಹಿಡಿಸಿ ಸಾಲಾಗಿ ನಿಲ್ಲಿಸಿದರು.

"ಈ ಸಾಲು ಆರ್‌ಎನ್‌ಎ. ಒಬ್ಬೊಬ್ಬರೂ ಒಂದೊಂದು ತುಂಡು. ಶ್ಯಾಮಲಮ್ಮ ಪ್ರೋಟೀನು."

ಬೆಳೆಗಾರರಲ್ಲೊಬ್ಬರಾದ ಶ್ಯಾಮಲಮ್ಮನವರನ್ನು ಸಾಲಿನ ನಡುವಿನ ಇಬ್ಬರಿಗೆ ಅಡ್ಡಲಾಗಿ ಕುರ್ಚಿ ಹಾಕಿ ಕೂರಿಸಿದರು. ಪ್ರೋಟೀನು ಹೀಗೆ ಅಂಟಿ ಕೂತರೆ ಆ ಎರಡು ತುಂಡುಗಳು ಬಿಟ್ಟುಹೋಗಿ, ಆಚೀಚಿನವು ಕೂಡಿಕೊಂಡು ಹುಳು ಗಂಡಾಗುತ್ತದೆ. ಕೂರದಿದ್ದರೆ ಆ ಎರಡೂ ಸೇರಿ ಹೆಣ್ಣಾಗುತ್ತದೆ ಎಂದು ವಿವರಿಸಿದರು.

ಆಚೀಚಿನವರು ಕೈ ಕೂಡಿಸಿಕೊಂಡಾಗ ಸಾಲಿನಿಂದ ಬಿಟ್ಟುಹೋದವರು ಕದಿರೇಶ ಮತ್ತು ಅವನ ಭಾವ. ಇಬ್ಬರಿಗೂ ದಪ್ಪ ಮೀಸೆ.

"ನಾವು ಸೇರಿದ್ರೆ ಹೆಣ್ಣಾ ಸಾರ್?" ಕದಿರೇಶ ಮೀಸೆ ಮುಟ್ಟಿಕೊಂಡ. "ಅಕ್ಕಾ, ಏಳು. ಊರೋರ ಮುಂದೆ ನಮ್ಮನ್ನ ಹಿಂಗೆ ಬಿಡ್ತಾರಾ?"

"ನಾನೆದ್ರೆ ಹುಳ ಹೆಣ್ಣಾಗ್ತದೆ ಕಣೋ," ಎಂದರು ಶ್ಯಾಮಲಮ್ಮ. "ಗಂಡು ಗೂಡಲ್ಲೇ ನೂಲು ಜಾಸ್ತಿ. ಏಳಲ್ಲ."

ಸಾಲಿನವರು ಕೈ ಬಿಗಿ ಮಾಡಿದರು. "ಕೂತಿರಮ್ಮಾ, ಏಳಬ್ಯಾಡ!"

ಊಟಕ್ಕೆ ಕರೆ ಬಂತು. ಶ್ಯಾಮಲಮ್ಮ ಮುದ್ದೆಯ ತಟ್ಟೆಯನ್ನು ಕುರ್ಚಿಗೇ ತರಿಸಿಕೊಂಡರು. ಎಲ್ಲರಿಗೂ ಪಾಠ ಅರ್ಥವಾಗಿತ್ತು. ಕೋದಂಡರಾಮಪ್ಪನವರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಹೋಗಿ, ಮುನಿಸಿಕೊಂಡು ಕೂತಿದ್ದ ಆ ಎರಡು ತುಂಡುಗಳ ನಡುವೆ ತಾವೂ ಊಟಕ್ಕೆ ಕೂತರು.