ಸೌತ್‌ಫೀಲ್ಡ್‌ನಲ್ಲಿ ಕೇಳಿದ ಕೈರೋ

ನಾವಿರುವ ಶಾಮ್‌ಬರ್ಗ್ ಬಿಟ್ಟಾಗ ಬೆಳಗ್ಗೆ ಆರೂವರೆ. ಎರಡು ಸಾವಿರನೇ ಇಸವಿಯ ಅಕ್ಟೋಬರ್, ಶನಿವಾರ. ಹೊರಗೆ ಫ್ಯಾರನ್‌ಹೀಟ್ ಲೆಕ್ಕದ ನಲವತ್ತಾರು ಡಿಗ್ರಿ ಚಳಿ. ಅಪಾರ್ಟ್‌ಮೆಂಟಿನ ಪಾರ್ಕಿಂಗ್ ದೀಪಗಳು ಇನ್ನೂ ಉರಿಯುತ್ತಿದ್ದವು. ಡಿಸೆಂಬರ್ ರಜೆಯಲ್ಲಿ ಈಜಿಪ್ಟಿಗೆ ಹೊರಡುವ ತಂಡವೊಂದಕ್ಕೆ ನಾವು ಮೂವರು ಹೆಸರು ಕೊಟ್ಟಿದ್ದೆವು. ಹೊರಡುವವರಿಗೆ ಅಲ್ಲಿಯ ರೀತಿ ರಿವಾಜು, ಊಟ, ಸಂಗೀತದ ಪರಿಚಯ ಮಾಡಿಕೊಡುವ ಕ್ಲಾಸು ಅಂದು ಮಧ್ಯಾಹ್ನ ಮಿಶಿಗನ್‌ನ ಸೌತ್‌ಫೀಲ್ಡ್‌ನಲ್ಲಿತ್ತು. ಸುಮಾರು ಮುನ್ನೂರು ಮೈಲಿ. ಪ್ರವಾಸಕ್ಕೆ ಮುಂಚೆ ಪ್ರವಾಸಕ್ಕೆಂದೇ ಇನ್ನೊಂದು ಪ್ರವಾಸ! ನನ್ನ ಗಂಡ “ನಿಮಗೆಲ್ಲ ತಲೆ ಕೆಟ್ಟಿದೆ” ಎಂದು ಗೊಣಗಿ ಹೊದಿಕೆ ಎಳೆದುಕೊಂಡರು.

ವ್ಯಾನ್ ಶಾಹೀನ್‌ಳದು, ಡ್ರೈವಿಂಗೂ ಅವಳದೇ. ದಾವಣಗೆರೆಯವಳು, ನಮ್ಮ ಪಕ್ಕದ ಬಿಲ್ಡಿಂಗಿನಲ್ಲೇ ಇದ್ದಾಳೆ, ಗಂಡನ ದಿನಸಿ ಅಂಗಡಿಯ ಅರ್ಧ ಭಾರ ಹೊತ್ತವಳು. “ವಾಣಿ, ನೀ ಡ್ರೈವ್ ಮಾಡೋದು ಬ್ಯಾಡ. ಕನಸು ಕಾಣ್ತಾ ಕೆನಡಾಕ್ಕೇ ಹೋಗಿಬಿಡ್ತೀಯ” ಅಂದಳು. ಸುಳ್ಳೇನಲ್ಲ. ನಾನು ಮಕ್ಕಳಿಗೆ ಪಿಟೀಲು ಹೇಳಿಕೊಡುವವಳು; ಕಿವಿ ಎಚ್ಚರವಾಗಿರುತ್ತದೆ, ಉಳಿದದ್ದೆಲ್ಲ ಅರ್ಧ ನಿದ್ದೆಯಲ್ಲಿರುತ್ತದೆ.

ಹಿಂದಿನ ಸೀಟಿನಲ್ಲಿ ಶ್ರೀಕಂಠ ಅಂಕಲ್. ಮೈಸೂರಿನವರು, ಅರಿವಳಿಕೆ ಡಾಕ್ಟರಾಗಿ ನಿವೃತ್ತರಾದವರು. ಜೀವಮಾನವಿಡೀ ಜನರನ್ನು ಮಲಗಿಸಿದವರು, ಸಂಗೀತ ಕಛೇರಿಯಲ್ಲಿ ಮಾತ್ರ ಪಕ್ಕದವರನ್ನು ಮಲಗಲು ಬಿಡುವುದಿಲ್ಲ. ಗಾಯಕರು ಒಂದು ಒಳ್ಳೆಯ ಸಂಗತಿ ಹಾಕಿದರೆ ಸಾಕು, ಗದ್ದ ಮೇಲೆತ್ತಿ, ತಲೆ ಅಲ್ಲಾಡಿಸುತ್ತ ಲೊಚ್ ಲೊಚ್ ಎಂದು ನಾಲಿಗೆ ಸದ್ದು ಮಾಡುತ್ತಾರೆ. ಹಳೆಯ ಮೈಸೂರಿನ ರಸಿಕರೆಲ್ಲ ಹಾಗೇ ಮಾಡುತ್ತಿದ್ದರು. ನನ್ನ ಶಿಷ್ಯರಿಗೆ ಅಂಕಲ್ ಲೊಚಗುಟ್ಟಿದರೆ ಪದಕ ಸಿಕ್ಕ ಹಾಗೆ.

ಟೋಲ್ ಬುಟ್ಟಿಗಳಿಗೆ ನಲವತ್ತು ನಲವತ್ತು ಸೆಂಟ್ ಎಸೆಯುತ್ತ ಊರಿನ ದಕ್ಷಿಣಕ್ಕೆ ಇಳಿದು ಇಂಡಿಯಾನಾ ಹೊಕ್ಕೆವು. ಅಲ್ಲಿಂದ ಮುಂದೆ ಎಡಕ್ಕೆಲ್ಲೋ ಮಿಶಿಗನ್ ಸರೋವರ ಇರಬೇಕು. ಕಾಣುತ್ತಿದ್ದದ್ದು ಮಂಜು ಮಾತ್ರ. ಮಂಜಿನೊಳಗಿಂದ ಲಾರಿಗಳು ಸದ್ದಿಲ್ಲದೆ ಬಂದು ಸದ್ದಿಲ್ಲದೆ ಹೋದವು. ಮಿಶಿಗನ್ ಗಡಿಯಲ್ಲಿ ವ್ಯಾನ್ ನಿಲ್ಲಿಸಿ ಅಂಕಲ್ ತಂದಿದ್ದ ಫ್ಲಾಸ್ಕಿನ ಕಾಫಿ ಕುಡಿದು, ಅಲ್ಲಿಯ ಕಾಲಮಾನಕ್ಕೆ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದೆವು. ಬದುಕದೆಯೇ ಕಳೆದುಹೋದ ಆ ಒಂದು ಗಂಟೆಯ ಬಗ್ಗೆ ನಾನು ಬಹಳ ಹೊತ್ತು ಯೋಚಿಸುತ್ತ ಕುಳಿತೆ. ಕಲಮಜೂ ಎಂಬ ಊರಿನ ಬೋರ್ಡು ಬಂತು, ಹೋಯಿತು. ಕೊಯ್ಲಾದ ಜೋಳದ ಹೊಲಗಳು, ಕೆಂಪಾದ ಮೇಪಲ್ ಮರಗಳು, ಮತ್ತೆ ಹೊಲಗಳು.

ಆನ್ ಆರ್ಬರ್ ಹತ್ತಿರ ಬಂದಾಗ ಶಾಹೀನ್ ಒಂದು ಸಂಗತಿ ಹೇಳಿದಳು. ಕ್ಲಾಸು ನಡೆಸುವ ನಾದಿಯಾ ಹಿಂದಿನ ದಿನ ಫೋನ್ ಮಾಡಿದ್ದಳಂತೆ. ಅವಳ ತಂದೆ ಕಮಾಲ್ ಕೈರೋದವರು. ಆಬರ್ನ್ ಹಿಲ್ಸ್‌ನ ಕಾರು ಕಂಪನಿಯಲ್ಲಿ ಎಂಜಿನಿಯರಾಗಿದ್ದವರು. ಶನಿವಾರ ಭಾನುವಾರ ಊದ್ ಎಂಬ ತಂತಿವಾದ್ಯ ಹಿಡಿದು ಮದುವೆ ಮನೆಗಳಲ್ಲಿ ಹಾಡುತ್ತಿದ್ದವರು. ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಆಮೇಲೆ ಒಂದು ದಿನವೂ ಹಾಡಿರಲಿಲ್ಲ.

“ಇವತ್ತು ನಮ್ಮ ಮುಂದ ಫಸ್ಟ್ ಟೈಮ್ ಹಾಡ್ತಾರಂತೆ. ಧ್ವನಿ ಬಂದ್ರೆ ನಮ್ ಜೊತೆ ಕೈರೋಗೆ ಬರ್ತಾರೆ, ಅಲ್ಲಿ ಹಳೇ ಸ್ನೇಹಿತರ ಮುಂದ ಹಾಡ್ತಾರೆ. ಬರ್ಲಿಲ್ಲ ಅಂದ್ರೆ ಊದ್‌ನ ಯಾರಿಗಾದ್ರೂ ಕೊಟ್ಟುಬಿಡ್ತೀನಿ ಅಂದಾರಂತೆ” ಎಂದಳು ಶಾಹೀನ್.

ಅಂಕಲ್ ಮುಂದಕ್ಕೆ ಬಾಗಿದರು. “ಗಂಟಲಿಗೆ ಟ್ಯೂಬ್ ಹಾಕೋದು ನಮ್ಮ ಕೆಲಸವೇ ಆಗಿತ್ತಮ್ಮ. ಹಾಡೋರು ಬಂದ್ರೆ ಇದ್ದದ್ರಲ್ಲಿ ಸಣ್ಣ ಟ್ಯೂಬೇ ಹುಡುಕ್ತಿದ್ದೆ. ಎಷ್ಟು ಹುಷಾರಾಗಿದ್ರೂ ಕೆಲವರಿಗೆ ಮೊದಲಿನ ಧ್ವನಿ ವಾಪಸ್ ಬರಲ್ಲ” ಎಂದರು. ಮುಂದೆ ಸೌತ್‌ಫೀಲ್ಡ್‌ನ ಆಫೀಸ್ ಟವರ್‌ಗಳು ಕಂಡವು.

ನಾದಿಯಾಳ ಮನೆ ಬಡಾವಣೆಯೊಂದರ ಕೊನೆಯಲ್ಲಿತ್ತು. ಬೇಸ್‌ಮೆಂಟಿನಲ್ಲಿ ರತ್ನಗಂಬಳಿ ಹಾಸಿ ದಿಂಬು ಇಟ್ಟಿದ್ದಳು. ನಮ್ಮ ಹೊರತು ಆರೇಳು ಜನ, ಹೆಚ್ಚಿನವರು ನಿವೃತ್ತ ಶಾಲಾ ಟೀಚರುಗಳು. ಮೊದಲು ಊಟ. ಕೊಶರಿ ಎಂದು ಅದರ ಹೆಸರು: ಅನ್ನ, ಮಸೂರ ಬೇಳೆ, ತುಂಡು ತುಂಡು ಮ್ಯಾಕರೋನಿ, ಮೇಲೆ ಹುಳಿಯಾದ ಟೊಮ್ಯಾಟೊ ಗೊಜ್ಜು, ಕರಿದ ಈರುಳ್ಳಿ. ಈರುಳ್ಳಿ ನೋಡಿ ಅನುಮಾನಿಸಿದ ಅಂಕಲ್ ಎರಡನೇ ತಟ್ಟೆ ತಾವೇ ಹೋಗಿ ಹಾಕಿಸಿಕೊಂಡರು. ಪುದೀನ ಹಾಕಿದ ಚಹಾ ಬಂತು. ಅವರ ಭಾಷೆಯಲ್ಲಿ ಅದು ಶಾಯ್, ನಮ್ಮ ಚಹಾದ ದೂರದ ನೆಂಟ.

ತಿನ್ನುತ್ತಿದ್ದಂತೆಯೇ ನಾದಿಯಾ ಇಂಗ್ಲಿಷಿನಲ್ಲಿ ಪಾಠ ಶುರು ಮಾಡಿದಳು. ಬೇಡ ಎನ್ನುವಾಗ ಬಲಗೈಯನ್ನು ಎದೆಯ ಮೇಲಿಡಬೇಕು; ಆದರೂ ಅವರು ಬಡಿಸಿಯೇ ಬಡಿಸುತ್ತಾರೆ. ಕೈರೋದಲ್ಲಿ ತಬಲ ಎಂದರೆ ಜೋಡಿಯಲ್ಲ, ಹೂಜಿಯ ಆಕಾರದ ಒಂದೇ ವಾದ್ಯ. ಅವರ ರಾಗಗಳಿಗೆ ಮಕಾಮ್ ಎಂದು ಹೆಸರು. ಊದಿನ ತಂತಿಯ ಮೇಲೆ ಒಂದು ಸ್ವರ ನುಡಿಸಿ ತೋರಿಸಿದಳು. ನನ್ನ ಬೆರಳುಗಳು ತಾವಾಗಿಯೇ ಮಡಿಲಲ್ಲಿ ಅದನ್ನು ಹುಡುಕಿದವು. ನಮ್ಮ ಸಂಗೀತದ ಸಾಧಾರಣ ಗಾಂಧಾರವೂ ಅಲ್ಲ, ಅದರ ಮೇಲಿನ ಅಂತರ ಗಾಂಧಾರವೂ ಅಲ್ಲ. ಎರಡರ ನಡುವೆ ಎಲ್ಲೋ ಇತ್ತು. ನಾನು ದಿನವೂ ದಾಟುವ ಹಾದಿಯಲ್ಲಿ ಇಂಥದೊಂದು ಮನೆ ಇತ್ತೇ ಅನ್ನಿಸಿತು.

“ಒಂದು ಮಾತು ಮುಖ್ಯ” ಎಂದಳು ನಾದಿಯಾ. “ನಮ್ಮಲ್ಲಿ ಹಾಡುವವರು ಅರ್ಧ, ಕೇಳುವವರು ಅರ್ಧ. ಇಷ್ಟವಾದರೆ ಅಲ್ಲಾಹ್ ಎನ್ನಿ, ಯಾ ಸಲಾಮ್ ಎನ್ನಿ. ಸುಮ್ಮನೆ ಕೂತರೆ ಗಾಯಕ ಸತ್ತ ಹಾಗೆ.” ಎಲ್ಲರೂ ಅವಳ ಹಿಂದೆ ಒಮ್ಮೆ ಹೇಳಿದೆವು. ಅಂಕಲ್ ಶ್ರದ್ಧೆಯಿಂದ ಮೂರು ಸಲ ಹೇಳಿ ಅಭ್ಯಾಸ ಮಾಡಿದರು.

ಕಮಾಲ್ ಮೆಟ್ಟಿಲಿಳಿದು ಬಂದರು. ಬಿಳಿ ಶರ್ಟು, ಕತ್ತಿಗೆ ಬೂದು ಮಫ್ಲರ್, ನಾಚಿಕೆಯ ನಗು. ಊದನ್ನು ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಶ್ರುತಿ ಮಾಡಿದರು. ಹೆದರಿಕೆಗೆ ಹಾಗೆ ಮಾಡುತ್ತಿದ್ದಾರೆಂದು ನನಗೆ ಗೊತ್ತಾಯಿತು, ನಾನೂ ಮಾಡುತ್ತೇನೆ. ಆಮೇಲೆ ತೆಗೆದರು ಧ್ವನಿ. ಹಾಡೇನಲ್ಲ, ಇರುಳು, ಕಣ್ಣು ಎಂಬ ಎರಡೇ ಪದ ಹಿಡಿದು ನಮ್ಮ ಆಲಾಪನೆಯ ಹಾಗೆ ಬೆಳೆಸುತ್ತ ಹೋಗುವ ಪದ್ಧತಿ. ಧ್ವನಿ ಒರಟಾಗಿತ್ತು, ಅಂಚಿನಲ್ಲಿ ಹರಿದಿತ್ತು. ಆದರೆ ಅದು ನಿಧಾನವಾಗಿ ಹತ್ತಿ, ಆ ನಡುವಿನ ಗಾಂಧಾರದ ಮೇಲೆ ಬಂದು ನಿಂತಾಗ ನಾನು ಬೇಸ್‌ಮೆಂಟ್ ಮರೆತೆ. ಎಲ್ಲೋ ಒಂದು ನದಿಯ ದಂಡೆ, ದೋಣಿಯಲ್ಲಿ ಸಣ್ಣ ದೀಪ, ಗಾಳಿಯಲ್ಲಿ ಧೂಳಿನ ವಾಸನೆ. ಟೀಚರುಗಳು “ಯಾ ಸಲಾಮ್” ಎಂದು ಚಪ್ಪಾಳೆ ತಟ್ಟಿದರು. ಕಮಾಲ್ ಮತ್ತೆ ಅದೇ ಸ್ವರಕ್ಕೆ ಇನ್ನೊಂದು ದಾರಿಯಿಂದ ಬಂದರು.

ಲೊಚ್ ಲೊಚ್ ಲೊಚ್.

ಅಂಕಲ್ ಕಣ್ಣು ಮುಚ್ಚಿದ್ದರು. ಗದ್ದ ಮೇಲೆತ್ತಿ, ತಲೆ ಅಲ್ಲಾಡಿಸುತ್ತ ತಮ್ಮನ್ನೇ ಮರೆತಿದ್ದರು.

ಕಮಾಲ್ ಕಣ್ಣು ಅಂಕಲ್ ಮೇಲೆ ಬಿತ್ತು. ಕೈ ನಿಂತಿತು. ಮಗಳಿಗೆ ಅರಬ್ಬಿಯಲ್ಲಿ ಮೆಲ್ಲಗೆ ಏನೋ ಹೇಳಿ, ನಮಗೆಲ್ಲ ಎದೆಯ ಮೇಲೆ ಕೈಯಿಟ್ಟು ವಂದಿಸಿ, ಊದ್ ಎತ್ತಿಕೊಂಡು ಮೇಲೆ ಹೋಗಿಬಿಟ್ಟರು. ಹಾಡು ಮುಗಿಯಿತೆಂದು ತಿಳಿದು ಟೀಚರುಗಳು ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ನಾದಿಯಾ ಬಿಳಿಚಿಕೊಂಡಿದ್ದಳು. ನಮ್ಮ ಬಳಿ ಬಂದು ಕೇಳಿದಳು: “ಅಷ್ಟು ಕೆಟ್ಟದಾಗಿತ್ತೇ?”

“ಕೆಟ್ಟದಾಗಿ? ನಾನು ಕರಗಿಹೋದೆ ಕಣಮ್ಮ!” ಅಂಕಲ್ ಗಾಬರಿಯಲ್ಲಿ ಕನ್ನಡದಲ್ಲೇ ಹೇಳಿದರು. ನಾನು ಇಂಗ್ಲಿಷಿಗೆ ತಿರುಗಿಸಿದೆ. ನಮ್ಮ ಕಛೇರಿಗಳಲ್ಲಿ ಲೊಚಗುಟ್ಟುವುದೇ ದೊಡ್ಡ ಮೆಚ್ಚುಗೆ ಎಂದೂ ಹೇಳಿದೆ. ನಾದಿಯಾ ಹಣೆ ಹಿಡಿದುಕೊಂಡು ಕುಳಿತಳು. ಈಜಿಪ್ಟಿನಲ್ಲಿ ಗದ್ದ ಎತ್ತಿ ನಾಲಿಗೆ ಲೊಚ್ ಎನ್ನಿಸಿದರೆ ‘ಇಲ್ಲ’ ಎಂದರ್ಥವಂತೆ. ಆಗುವುದಿಲ್ಲ, ಬೇಡ, ಸಾಕು. ಅದನ್ನು ಪಾಠದಲ್ಲಿ ಹೇಳಲು ಅವಳು ಮರೆತಿದ್ದಳು.

ಅಂಕಲ್ ಮುಖ ನೋಡಲಾಗಲಿಲ್ಲ. “ಅಯ್ಯೋ, ಎಂಥಾ ಕೆಲಸ ಮಾಡ್ಬಿಟ್ಟೆ ವಾಣಿ” ಎನ್ನುತ್ತ ಮೆಟ್ಟಿಲು ಹತ್ತಿದರು. ನಾನು, ಶಾಹೀನ್, ನಾದಿಯಾ ಮೂವರೂ ಹಿಂದೆ ಹೋದೆವು.

ಕಮಾಲ್ ಅಡುಗೆಮನೆಯ ಮೇಜಿನ ಮೇಲೆ ಊದನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಿದ್ದರು. ನಾದಿಯಾ ಅರಬ್ಬಿಯಲ್ಲಿ ಬಡಬಡನೆ ವಿವರಿಸಿದಳು. ಅವರು ಕೇಳಿಸಿಕೊಂಡು ನಕ್ಕರು, ನಂಬಲಿಲ್ಲ. ಅಂಕಲ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದರು: “ನೀವೆಲ್ಲ ಒಳ್ಳೆಯವರು ಡಾಕ್ಟರ್. ಆದರೆ ಕೆಳಗೆ ಚಪ್ಪಾಳೆ ತಟ್ಟಿದವರು ಹಾಡು ಕೇಳಲಿಲ್ಲ. ಕೇಳಿದವರು ನೀವೊಬ್ಬರೇ. ನಿಜ ಹೇಳಿದ್ದಕ್ಕೆ ನನಗೆ ಬೇಸರವಿಲ್ಲ.”

ಅಂಕಲ್ ಕೈ ಮುಗಿದರು. ಶಾಹೀನ್ ಅವರ ತೋಳು ತಟ್ಟಿದಳು. “ಅಂಕಲ್, ಬಾಯಲ್ಲಿ ಹೇಳಿದ್ರೆ ಆಗಲ್ಲ. ನೀವು ಹಾಡ್ರಿ. ವಾಣಿ, ನೀ ಅವರಿಗೆ ಲೊಚ್ ಅನ್ನು. ಕಮಾಲ್ ಕಣ್ಣಾರೆ ನೋಡ್ಲಿ.”

“ನಾನಾ? ಬಚ್ಚಲಮನೆ ಬಿಟ್ಟು ಎಲ್ಲೂ ಹಾಡಿಲ್ಲಮ್ಮ ನಾನು!” ಎಂದರು ಅಂಕಲ್. ಆದರೂ ಕುರ್ಚಿ ಎಳೆದುಕೊಂಡು ಕುಳಿತು, ಮೇಜಿನ ಅಂಚು ಗಟ್ಟಿಯಾಗಿ ಹಿಡಿದು ಕಣ್ಣು ಮುಚ್ಚಿದರು. ತೋಡಿಯನ್ನೋ ಮಾಯಾಮಾಳವಗೌಳವನ್ನೋ ಎತ್ತಿಕೊಳ್ಳುತ್ತಾರೆ ಅಂದುಕೊಂಡೆ. ಅವರು ಎತ್ತಿದ್ದು ಕಮಾಲ್ ಹಾಡಿದ್ದನ್ನೇ. ಅದೇ ನಿಧಾನದ ಏರಿಕೆ, ಅದೇ ತಿರುವು. ನಡುಗುವ ಧ್ವನಿ ಸಾಧಾರಣ ಗಾಂಧಾರದಲ್ಲಿ ತಡವರಿಸಿತು, ಮೇಲಕ್ಕೆ ಹೋಯಿತು, ಹೆಚ್ಚಾಯಿತೆಂದು ಕೆಳಗಿಳಿಯಿತು. ಕೊನೆಗೆ ಆ ನಡುವಿನ ಸ್ವರಕ್ಕೆ ಬಂದು ಒಂದು ಕ್ಷಣ, ಒಂದೇ ಕ್ಷಣ, ನಿಂತಿತು.

ನಾನು ಲೊಚಗುಟ್ಟುವ ನಾಟಕ ಆಡಬೇಕೆಂದು ನಿಂತಿದ್ದವಳು. ಆಡುವ ಅಗತ್ಯ ಬೀಳಲಿಲ್ಲ. ಕಣ್ಣಲ್ಲಿ ನೀರು ಬಂದಿತ್ತು, ತಲೆ ತಾನಾಗಿ ಆಡಿತು, ನಾಲಿಗೆ ತಾನಾಗಿ ಸದ್ದು ಮಾಡಿತು. ಅದನ್ನು ಕೇಳಿದ್ದೇ ಅಂಕಲ್ ಮುಖ ಅರಳಿಹೋಯಿತು. ಅರವತ್ತೆಂಟರ ವಯಸ್ಸಿನವರೆಗೆ ಇನ್ನೊಬ್ಬರಿಗೇ ಕೊಡುತ್ತ ಬಂದದ್ದು ಮೊದಲ ಸಲ ಅವರಿಗೆ ಸಿಕ್ಕಿತ್ತು.

ಕಮಾಲ್ ನನ್ನನ್ನು ನೋಡಿದರು, ಅಂಕಲ್‌ರನ್ನು ನೋಡಿದರು, ಮತ್ತೆ ನನ್ನನ್ನು ನೋಡಿದರು. ಪೆಟ್ಟಿಗೆಯ ಮುಚ್ಚಳ ಹಿಡಿದಿದ್ದ ಕೈ ಹಾಗೇ ಇತ್ತು. ಕೊನೆಗೆ ಊದ್ ಹೊರಗೆ ತೆಗೆದರು.

ಈ ಸಲ ಶ್ರುತಿ ಮಾಡಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು, ಸಿಂಕಿನ ಮೇಲಿನ ಕಿಟಕಿಯ ಗಾಜು ಹಳದಿಯಾಗಿತ್ತು. ಧ್ವನಿ ಮೊದಲಿನಷ್ಟೇ ಒರಟು. ಆದರೆ ಅದೀಗ ಹೆದರಿರಲಿಲ್ಲ. ಅಂಕಲ್ ಮಾತ್ರ ಇನ್ನೆಲ್ಲಿ ತಪ್ಪಾಗುತ್ತದೋ ಎಂದು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡು ಕಲ್ಲಿನಂತೆ ಕುಳಿತಿದ್ದರು.

ಕಮಾಲ್ ನಡುವೆಯೇ ನಿಲ್ಲಿಸಿದರು. “ಯಾಕೆ ಡಾಕ್ಟರ್, ಸುಮ್ಮನಾದಿರಿ?” ಎಂದರು. “ನಾನು ಹಾಡಬೇಕೋ ಬೇಡವೋ? ಎಲ್ಲಿ ನಿಮ್ಮ ‘ಇಲ್ಲ’?”

ಅಂಕಲ್ ಕೈ ತೆಗೆದರು. ಆಮೇಲಿನದನ್ನು ನಾನು ಬರೆದು ತಿಳಿಸಲಾರೆ. ಒಬ್ಬರು ಹಾಡಿದರು, ಒಬ್ಬರು ಲೊಚಗುಟ್ಟಿದರು. ಶಾಹೀನ್ “ಅಲ್ಲಾಹ್” ಎಂದಳು. ಕೆಳಗಿದ್ದ ಟೀಚರುಗಳು ಒಬ್ಬೊಬ್ಬರಾಗಿ ಮೇಲೆ ಬಂದು ಬಾಗಿಲಲ್ಲಿ ನಿಂತರು.

ಕೊನೆಗೆ ನಾವು ಕೋಟು ಹಾಕಿಕೊಳ್ಳುವಾಗ ಕಮಾಲ್ ಬಂದು ಅಂಕಲ್‌ರ ಎರಡೂ ಕೈ ಹಿಡಿದುಕೊಂಡರು. “ಕೈರೋದಲ್ಲಿ ನೀವು ಮುಂದಿನ ಸಾಲಿನಲ್ಲೇ ಕೂರಬೇಕು. ನನ್ನ ಸ್ನೇಹಿತರು ನಿಮ್ಮನ್ನು ಎತ್ತಿ ಹೊರಗೆ ಹಾಕಲು ನೋಡುತ್ತಾರೆ. ನಾನು ಬಿಡುವುದಿಲ್ಲ.”

ಲೋಟ ತೊಳೆಯುತ್ತಿದ್ದ ನಾದಿಯಾ ನಲ್ಲಿ ನಿಲ್ಲಿಸಿದಳು. ತಿರುಗಲಿಲ್ಲ. ಬೆನ್ನು ಮಾತ್ರ ಅಲುಗುತ್ತಿತ್ತು.

ಊರ ಹೊರಗಿನ ಮೋಟೆಲ್‌ನಲ್ಲಿ ರೂಮು ಕಾದಿತ್ತು, ಮರುದಿನ ಮತ್ತೆ ಮುನ್ನೂರು ಮೈಲಿ. ಶಾಹೀನ್ ವ್ಯಾನ್ ತಿರುಗಿಸಿದಾಗ ಹಿಂದೆ ನೋಡಿದೆ. ಕಮಾಲ್ ತೆರೆದ ಬಾಗಿಲಲ್ಲಿ ನಿಂತಿದ್ದರು. ಮಫ್ಲರ್ ಇರಲಿಲ್ಲ, ಬಾಯಿ ಆಡುತ್ತಿತ್ತು. ಹಾಡುತ್ತಲೇ ಇದ್ದರು. ಕಿಟಕಿ ಮುಚ್ಚಿದ್ದರಿಂದ ನಮಗೇನೂ ಕೇಳಿಸಲಿಲ್ಲ. ಅಂಕಲ್ ತಮ್ಮ ಕಡೆಯ ಕಿಟಕಿ ಇಳಿಸಿದರು. ಶಾಹೀನ್ ಏನೂ ಕೇಳದೆ ರಸ್ತೆಯ ನಡುವೆಯೇ ಎಂಜಿನ್ ಆಫ್ ಮಾಡಿದಳು.