ಹಾಲುಹಲ್ಲಿನ ಗುಮಾನಿ

ಗೌಸಬಿಗೆ ಯಾರನ್ನೂ ನಂಬುವ ಚಟವಿರಲಿಲ್ಲ. ಹಾಲಿನವನು ಬಂದರೆ ಮೊದಲು ಹಾಲಿಗೆ ಬೆರಳದ್ದಿ, ಆ ಬೆರಳನ್ನು ಬಿಸಿಲಿಗೆ ಹಿಡಿದು ನೋಡಿ, ಆಮೇಲೆ ಪಾತ್ರೆ ಒಡ್ಡುವಳು. ಬಸ್ಸಿನ ನೆತ್ತಿಯ ಮೇಲೆ ಮುಂಡರಗಿ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಹತ್ತುವ ಮುನ್ನ ಮೂವರನ್ನು ಕೇಳುವಳು. ಮೂವರೂ ಹೌದೆಂದರೆ, ಇವರೆಲ್ಲ ಮೊದಲೇ ಮಾತಾಡಿಕೊಂಡಿದ್ದಾರೆಂದು ಇನ್ನೊಂದು ಗುಮಾನಿ. ಸೊಸೆ ತಸ್ಲೀಮ ಈ ಮನೆಗೆ ಬಂದು ಎಂಟು ವರ್ಷವಾದರೂ ಅವಳು ಒಗ್ಗರಣೆ ಹಾಕುವಾಗ ಅತ್ತೆ ಇವತ್ತಿಗೂ ಒಲೆಯ ಹತ್ತಿರ ಸುಳಿದಾಡುತ್ತಾಳೆ.

ಇದನ್ನು ಅವಳಿಗೆ ಕಲಿಸಿದ್ದು ಬಳೆ. ಗಂಡ ಮಹಬೂಬಸಾಬ ತೀರಿಕೊಂಡಾಗ ಮಗ ವಸೀಮ ಅಂಬೆಗಾಲಿಡುತ್ತಿದ್ದ. ಗಂಡ ಹೊತ್ತು ಮಾರುತ್ತಿದ್ದ ಬಳೆಸರಗಳ ಮಲಾರವನ್ನೇ ಹೆಗಲಿಗೇರಿಸಿಕೊಂಡು ಹೊರಟ ಹೆಂಗಸಿಗೆ ಬೆಟಗೇರಿಯ ಸಾವಕಾರನೊಬ್ಬ ಮೊದಲ ಸಲವೇ ಕೂದಲೆಳೆಯ ಬಿರುಕುಬಿಟ್ಟ ಬಳೆಗಳನ್ನು ಚಂದದ ಕಾಗದದಲ್ಲಿ ಸುತ್ತಿ ಕೊಟ್ಟಿದ್ದ. ಊರೂರಲ್ಲಿ ಹೆಂಗಸರ ಕೈ ಮೇಲೆ ಬಳೆ ಪಟಪಟನೆ ಒಡೆದು, ಬೈಗುಳ ಗೌಸಬಿಯ ಪಾಲಿಗೆ ಬಂದಿತ್ತು. ಆವತ್ತಿನಿಂದ ಒಂದೊಂದು ಬಳೆಯನ್ನೂ ಉಗುರಿನಿಂದ ತಟ್ಟಿ, ಸದ್ದು ಕೇಳಿ ಕೊಳ್ಳುವಳು. ಮನುಷ್ಯರನ್ನೂ ಹಾಗೆಯೇ ತಟ್ಟಿ ನೋಡುವಳು. ತಟ್ಟಿಸಿಕೊಂಡವರಿಗೆ ನೋವಾಗುತ್ತದೆಯೇ ಎಂದು ಕೇಳುವ ವ್ಯವಧಾನ ಅವಳಿಗಿರಲಿಲ್ಲ.

ಮುಂಡರಗಿ ತಾಲೂಕಿನ ಆರೇಳು ಹಳ್ಳಿ ಅವಳ ಹಾದಿ. ಬಳೆ ಇಡಿಸಿಕೊಳ್ಳುವಾಗ ಹೆಂಗಸಿನ ಕೈ ಅವಳ ಕೈಯಲ್ಲಿ, ಕಿವಿ ಅವಳ ಬಾಯಿಯ ಹತ್ತಿರ. ಯಾರ ಮನೆಗೆ ಕನ್ಯೆ ನೋಡಲು ಬಂದರು, ಯಾರ ಎಮ್ಮೆ ಗಬ್ಬ ನಿಲ್ಲಲಿಲ್ಲ, ಎಲ್ಲ ಖಬರೂ ಆ ಮಲಾರದ ಜೊತೆಗೆ ಸಾಗುತ್ತಿತ್ತು. ‘ಗೌಸಬಿ ಹೇಳಿದಳಂತೆ’ ಎಂದರೆ ಆ ಹಳ್ಳಿಗಳಲ್ಲಿ ಮುದ್ರೆ ಒತ್ತಿದ ಹಾಗೆ.

ಗದಗ ಬೇರೆ ಜಿಲ್ಲೆಯಾಗಿ ಹತ್ತು ವರ್ಷವಾಗಿತ್ತು. ಕಚೇರಿ ಕೆಲಸಕ್ಕೆ ಧಾರವಾಡಕ್ಕೆ ಓಡುವುದು ತಪ್ಪಿತು, ಸರಿ. ಆದರೆ ಜೀಪುಗಳ ಕಾಟ ಹೆಚ್ಚಾಯಿತು. ಒಬ್ಬ ಬಂದು ಕೋಳಿ ಎಣಿಸಿಕೊಂಡು ಹೋದ. ಇನ್ನೊಬ್ಬ ಹೊಲದ ಮಣ್ಣು ಚೀಲಕ್ಕೆ ತುಂಬಿಕೊಂಡು ಹೋದ. ಮತ್ತೊಬ್ಬ ಮನೆಯಲ್ಲಿ ಯಾರಿಗೆಲ್ಲ ಓದಲು ಬರುತ್ತದೆಂದು ಕೇಳಿ, ಚಹಾ ಕುಡಿದು ಹೋದ. ಹೋದವರಾರೂ ಎರಡನೇ ಸಲ ಬಂದು ಮುಖ ತೋರಿಸಲಿಲ್ಲ.

ಜಿಲ್ಲೆಯಾದದ್ದರಿಂದ ಊರಿಗೆ ಸಿಕ್ಕ ಒಂದೇ ಒಳ್ಳೆಯದೆಂದರೆ ಬೋರು. ಅದೂ ಸುಮ್ಮನೆ ಸಿಕ್ಕಿದ್ದಲ್ಲ. ಗೌಸಬಿಯೇ ಹೆಂಗಸರನ್ನು ಕಟ್ಟಿಕೊಂಡು, ಖಾಲಿ ಕೊಡಗಳೊಂದಿಗೆ ಪಂಚಾಯಿತಿ ಮುಂದೆ ಮೂರು ದಿನ ಕುಳಿತು ತರಿಸಿದ್ದು. ಕೆರೆಯ ಕೆಂಪು ನೀರನ್ನು ಸೋಸಿ ಕುಡಿಯುವುದು ತಪ್ಪಿತು. ಮನೆಯ ಹತ್ತಿರವೇ ನಳ ಬಂತು, ಕನ್ನಡಿಯಂಥ ತಿಳಿನೀರು ಬಂತು. ಜಗತ್ತಿನಲ್ಲಿ ಗೌಸಬಿ ಬೆರಳದ್ದಿ ನೋಡದೆ ನಂಬಿದ್ದು ಆ ಬೋರಿನ ನೀರೊಂದನ್ನೇ.

ಅವಳ ಕರುಳು ಹಿಂಡುತ್ತಿದ್ದುದು ಮೊಮ್ಮಗಳು ಅಲ್ಫಿಯಾಳ ಕಾಲು. ಏಳು ವರ್ಷದ ಹುಡುಗಿ. ನಡೆಯುವಾಗ ಮೊಣಕಾಲುಗಳು ಒಂದಕ್ಕೊಂದು ತಾಗುತ್ತಿದ್ದವು, ಓಡಿದರೆ ಬೀಳುತ್ತಿದ್ದಳು. ವರ್ಷದಿಂದ ವರ್ಷಕ್ಕೆ ಕಾಲು ಸೊಟ್ಟಗಾಗುತ್ತಿತ್ತು. ಗೌಸಬಿ ಯಾರ ಮೇಲೆ ಅನುಮಾನ ಪಡಲಿಲ್ಲ? ಎದುರುಮನೆಯ ಕಳಕವ್ವನ ದೃಷ್ಟಿ ಎಂದಳು. ಸೊಸೆಯ ತವರಿನ ರಕ್ತವೇ ಹಾಗೆ ಎಂದಳು. ಸೂಲಗಿತ್ತಿ ಕೂಸನ್ನು ಎಳೆದದ್ದೇ ಸರಿಯಿಲ್ಲ ಎಂದಳು. ದರ್ಗಾದ ತಾಯತ ಕಟ್ಟಿಸಿದಳು, ಗದಗಿನ ಡಾಕ್ಟರರ ಗುಳಿಗೆ ನುಂಗಿಸಿದಳು. ರಾತ್ರಿ ಹುಡುಗಿ ಮಲಗಿದ ಮೇಲೆ ಆ ಕಾಲುಗಳನ್ನು ನೀವುತ್ತ ಅಳುವುದೂ ಇತ್ತು. ಅದನ್ನು ಮಾತ್ರ ಯಾರಿಗೂ ತೋರಿಸಿಕೊಳ್ಳಲಿಲ್ಲ.

ಹೀಗಿರುವಾಗ ಒಂದು ಶನಿವಾರ ಬೆಳಗಿನ ಶಾಲೆಗೆ ಕಾವೇರಿ ಎಂಬ ಹುಡುಗಿ ಬಂದಳು. ಲಕ್ಕುಂಡಿಯ ಒಕ್ಕಲುತನದ ಮನೆಯವಳು, ದೊಡ್ಡ ಓದು ಓದಿ ಸಂಶೋಧನೆಗೆ ನಿಂತಿದ್ದಳು. ಮೈಲಾರಲಿಂಗಪ್ಪ ಮಾಸ್ತರರು ಮಕ್ಕಳ ಜೊತೆಗೆ ತಾಯಂದಿರನ್ನೂ ಕರೆಸಿದ್ದರು.

“ಉದುರಿದ ಹಾಲುಹಲ್ಲು ಸಗಣ್ಯಾಗ ಸುತ್ತಿ ಮಾಳಿಗಿ ಮ್ಯಾಲೆ ಒಗೀತೀರಲ್ಲ, ಅದನ್ನ ನನಗ ಕೊಡ್ರಿ,” ಎಂದಳು ಕಾವೇರಿ. “ನೀರಿನಾಗ ಫ್ಲೋರೈಡ್ ಅಂತ ಒಂದು ಅಂಶ ಇರತೈತಿ. ಅದು ಹೆಚ್ಚಾದ್ರ ಹಲ್ಲು ಕಂದತಾವು, ಎಲುಬು ಬಾಗತಾವು. ನಿಮ್ಮ ಮೈಯಾಗ ಅದು ಎಷ್ಟು ಕೂಡೇತಿ ಅಂತ ಹಲ್ಲು ಹೇಳತೈತಿ.”

“ಹಲ್ಲು ಮಾತಾಡತೈತೇನ್ರಿ ಅಕ್ಕೋರ?” ಎಂದಿತು ಒಂದು ಕೂಸು.

“ಪುಡಿ ಮಾಡಿ ಕೇಳಿದ್ರ ಮಾತಾಡತೈತಿ,” ಎಂದಳು ಕಾವೇರಿ. ಮಕ್ಕಳು ನಕ್ಕವು. ಹಿಂದೆ ಬಾಗಿಲಿಗೆ ಒರಗಿ ನಿಂತಿದ್ದ ಗೌಸಬಿ ನಗಲಿಲ್ಲ.

“ಹಲ್ಲು ಕೊಟ್ರ ನಮಗೇನ ಕೊಡ್ತಿ ತಂಗಿ?”

“ಏನೂ ಇಲ್ರಿ ಅಮ್ಮಾ.”

“ಬ್ಯಾರೆ ನೀರ ಕೊಡಸ್ತೀಯೇನು?”

“ಅದು ನನ್ನ ಕೈಯಾಗಿಲ್ರಿ. ತಿಳಕೊಂಡು, ತಿಳಿದದ್ದನ್ನ ನಾಕ ಮಂದಿಗೆ ಹೇಳೂದಷ್ಟ ನನ್ನ ಕೆಲಸ.”

ಗೌಸಬಿಯ ಗುಮಾನಿ ಅಲ್ಲಿಯೇ ಬೇರು ಬಿಟ್ಟಿತು. ಓಟಿಗೆ ಬರುವವನು ಸೀರೆ ಕೊಡುತ್ತಾನೆ, ಅವನಿಗೇನು ಬೇಕೆಂದು ಗೊತ್ತು. ಸೋಪು ಮಾರುವವನು ಚಮಚ ಪುಕ್ಕಟೆ ಕೊಡುತ್ತಾನೆ, ಅವನಿಗೇನು ಬೇಕೆಂದೂ ಗೊತ್ತು. ಏನೂ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳುವ ಈ ಹುಡುಗಿಗೆ ಏನು ಬೇಕು? ಅಷ್ಟು ದೂರದಿಂದ ಬಂದದ್ದು ಮಕ್ಕಳ ಹಲ್ಲಿಗೇ? ನೀರಿನ ಹೆಸರು ಬೇರೆ ತೆಗೆದಳಲ್ಲ! ತಾನು ತರಿಸಿದ ಬೋರಿನ ಮೇಲೆ ಯಾರದೋ ಕಣ್ಣು ಬಿದ್ದಿದೆ, ಸಂಶಯವೇ ಇಲ್ಲ.

ಗೌಸಬಿ ಹಾದಿಯಲ್ಲಿ ಹೇಳಿದ್ದು ಇಷ್ಟೇ: “ಬೋರು ಮುಚ್ಚಾಕ ನೆವ ಹುಡುಕಾಕ ಬಂದಾರ.” ಮೂರನೇ ಊರು ಮುಟ್ಟುವಷ್ಟರಲ್ಲಿ ಹಲ್ಲು ಕೊಟ್ಟ ಹುಡುಗಿಗೆ ಲಗ್ನವಾಗುವುದಿಲ್ಲ ಎಂದಾಯಿತು. ಐದನೇ ಊರಿನಲ್ಲಿ ಹಲ್ಲುಗಳು ಪರದೇಶಕ್ಕೆ ಮಾರಾಟವಾಗುತ್ತಿದ್ದವು. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವ ಮಂದಿಗೆ ಇಷ್ಟು ಸಾಕು. ಮಾಳಿಗೆಗಳ ಮೇಲೆ ಹಿಂದೆಂದೂ ಬೀಳದಷ್ಟು ಹಲ್ಲು ಬಿದ್ದವು, ಶಾಲೆಯಲ್ಲಿ ಕಾವೇರಿ ಇಟ್ಟುಹೋದ ಡಬ್ಬಿ ಖಾಲಿ ಉಳಿಯಿತು.

ಮಾಸ್ತರರು ಒಂದು ದಿನ ಮನೆಗೇ ಬಂದರು. “ಗೌಸಬಿ, ನೀ ಒಬ್ಬಾಕಿ ಕೊಟ್ರ ಊರು ಕೊಡತೈತಿ. ಅಲ್ಫಿಯಾನ ಹಲ್ಲು ಬಿದ್ದೈತಂತಲ್ಲ?”

“ಬಿದ್ದೈತ್ರಿ ಮಾಸ್ತರ. ಕೊಡತೀನ್ರಿ,” ಎಂದಳು ಗೌಸಬಿ. ಇಷ್ಟು ಬೇಗ ಒಪ್ಪಿದವಳನ್ನು ಮಾಸ್ತರರು ಅನುಮಾನಿಸಬೇಕಿತ್ತು. ಪಾಪ, ಅವರಿಗೆ ಆ ವಿದ್ಯೆ ಬರುತ್ತಿರಲಿಲ್ಲ.

ಅಲ್ಫಿಯಾಳ ಹಲ್ಲು ಆಗಲೇ ಮಾಳಿಗೆ ಸೇರಿತ್ತು. ಆದರೆ ಬಕ್ರೀದು ಆಗತಾನೆ ಮುಗಿದಿತ್ತು. ಮನೆಯಲ್ಲೇ ಸಾಕಿದ ಹೋತದ ತಲೆಯನ್ನು ತಸ್ಲೀಮ ಬೇಯಿಸಿದ್ದಳು. ಗೌಸಬಿ ಅದರ ದವಡೆಯಿಂದ ಸಣ್ಣದೊಂದು ಬಿಳಿ ಹಲ್ಲನ್ನು ಕಿತ್ತು, ತೊಳೆದು, ಕಾಗದದಲ್ಲಿ ಮಡಚಿ ಅಲ್ಫಿಯಾಳ ಹೆಸರಿನಲ್ಲಿ ಡಬ್ಬಿಗೆ ಹಾಕಿಸಿದಳು. ಬಳೆ ತಟ್ಟಿ ನೋಡುವುದೆಂದರೆ ಇದೇ. ಹೋತದ ಹಲ್ಲನ್ನು ಕೂಸಿನದೆಂದು ತೆಗೆದುಕೊಂಡು ಸುಮ್ಮನಾದರೆ ಇವರು ಪುಡಿ ಮಾಡುವುದೂ ಸುಳ್ಳು, ಓದಿದ್ದೂ ಸುಳ್ಳು. ಆಮೇಲೆ ಊರ ಮುಂದೆ ಆ ಹುಡುಗಿಯ ಮಾನ ತೆಗೆಯುವುದಕ್ಕೆ ಎಷ್ಟು ಹೊತ್ತು? ಈ ಉಪಾಯವನ್ನು ತಾನೇ ಮೆಚ್ಚಿ ಅವತ್ತು ಎರಡು ರೊಟ್ಟಿ ಹೆಚ್ಚಿಗೆ ಉಂಡಳು.

ಮಾಸ್ತರರು ಆ ಹಲ್ಲನ್ನು ಟಪಾಲಿನಲ್ಲಿ ಕಾವೇರಿಗೆ ಕಳಿಸಿದರು. ಮಳೆಗಾಲಕ್ಕೆ ಮುಂಚೆ ಅವಳು ಮತ್ತೆ ಬಂದಳು. ಎರಡನೇ ಸಲ ಬಂದವರಲ್ಲಿ ಇವಳೇ ಮೊದಲಿಗಳು. ಶಾಲೆಗೆ ಹೋಗದೆ ನೆಟ್ಟಗೆ ಗೌಸಬಿಯ ಕಟ್ಟೆಗೆ ಬಂದು ಕುಳಿತಳು.

“ಅಮ್ಮಾ, ನೀವು ಕೊಟ್ಟದ್ದು ಅಲ್ಫಿಯಾನ ಹಲ್ಲಲ್ರಿ. ಆಡಿಂದು.”

ಗೌಸಬಿಗೆ ಖಾತ್ರಿಯಾಯಿತು. ಇವಳು ಖರೆ ನೋಡಿದ್ದಾಳೆ!

“ಅದು ಯಾರ ಆಡ್ರಿ?”

“ಯಾರದಂದ್ರ? ಕಳವಿಂದೇನಲ್ಲವಾ! ನಮ್ಮ ಮನ್ಯಾಗ ಹುಟ್ಟಿ ಬೆಳದ ಹೋತ. ಬೇಕಾದ್ರ ಕಳಕವ್ವನ್ನ ಕೇಳು!” ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನಂತೆ ಗೌಸಬಿ ಕೂಗಾಡಿದಳು.

“ಕಳವಿನ ಮಾತಲ್ರಿ ಅಮ್ಮಾ. ಅದು ನೀರೆಲ್ಲಿ ಕುಡೀತಿತ್ತು ಹೇಳ್ರಿ.”

“ಇಲ್ಲೇ. ನಾವು ಕುಡಿಯೋ ನೀರನ್ನ. ದಿನಾ ನಾನ ಬಕೀಟ ತುಂಬಿ ಇಡ್ತಿದ್ದೆ.”

ಕಾವೇರಿ ಹೇಳಿದಳು: “ನಿಮ್ಮ ಈ ಹಳ್ಳಿಗಳಿಂದ ನನಗ ಸಿಕ್ಕಿದ್ದು ಅದೊಂದ ಹಲ್ಲು. ಕಾಲೇಜಿನಾಗ ನಮ್ಮ ಸರ್ ನಕ್ಕು, ಒಗದಬಿಡು ಅಂದ್ರು. ಮನಸ ಬರಲಿಲ್ಲ, ಪುಡಿ ಮಾಡಿ ನೋಡಿದೆ. ಭಾಳ ಐತ್ರಿ ಅದರಾಗ ಆ ಫ್ಲೋರೈಡ್. ಒಂದು ಹೋತದ ಹಲ್ಲಿನಿಂದ ಊರಿನ ಸುದ್ದಿ ಹೇಳಾಕ ಬರಂಗಿಲ್ಲ, ಮಕ್ಕಳ ಹಲ್ಲ ಬೇಕು. ಆದ್ರ ನಿಮಗ ಹೇಳದ ಇರಾಕ ಆಗಲಿಲ್ರಿ. ಬ್ಯಾರೆ ವ್ಯವಸ್ಥಾ ಆಗೂತನಕ ಕೂಸಿಗೆ ಕೆರಿ ನೀರ ಸೋಸಿ, ಕುದಿಸಿ ಕುಡಸ್ರಿ.”

ಗೌಸಬಿ ನಳದ ಕಡೆ ನೋಡಿದಳು. ಹೋತಕ್ಕೆ ಯಾರ ದೃಷ್ಟಿ ತಾಗೀತು? ಹೋತಕ್ಕೆ ಯಾವ ತವರಿನ ರಕ್ತ? ಅದು ಕುಡಿದದ್ದು ತಾನಿಟ್ಟ ಬಕೆಟ್ಟಿನ ನೀರು. ಅದೇ ನಳದ ನೀರನ್ನು ಅದೇ ಕೈಯಿಂದ ದಿನಕ್ಕೆ ಹತ್ತು ಸಲ ಅಲ್ಫಿಯಾಳ ಬಾಯಿಗೂ ಹಿಡಿದಿದ್ದಳು. ಊರನ್ನೆಲ್ಲ ಅನುಮಾನಿಸಿದವಳು ತನ್ನ ಕೊಡವೊಂದನ್ನು ಬಿಟ್ಟಿದ್ದಳು. ಕಾವೇರಿ ಹೋದ ಮೇಲೆ ಒಳಗೆ ಹೋಗಿ, ಗೋಡೆಗೆ ಮುಖ ಮಾಡಿ ಕುಳಿತು, ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು.

ಮರುದಿನವೇ ಕಳಕವ್ವನ ಮನೆಗೆ ಹೋಗಿ, ಅವಳ ಕೈ ಹಿಡಿದು ಬಳೆ ಏರಿಸುತ್ತ ನಡೆದದ್ದನ್ನೆಲ್ಲ ಹೇಳಿದಳು. ಬೋರಿನ ನೀರು ಬೇಡ, ಮಕ್ಕಳ ಹಲ್ಲು ಕೊಡೋಣ ಎಂದಳು. ಕಳಕವ್ವ ಪೂರ್ತಿ ಕೇಳಿ, ಅರ್ಧ ಏರಿದ ಬಳೆಯ ಸಮೇತ ಕೈ ಹಿಂದಕ್ಕೆಳೆದುಕೊಂಡಳು.

“ಅಲ್ಲ ಗೌಸಬಿ, ಆವಾಗ ಕೊಡಬ್ಯಾಡ ಅಂದಿ. ಈಗ ಕೊಡು ಅಂತಿ. ಆ ಹುಡುಗಿ ನಿನ್ನ ಕಟ್ಟಿ ಮ್ಯಾಲೆ ಕುಂತ ಹೋಗಿದ್ದನ್ನ ನಾ ನೋಡೀನಿ. ಏನ ಕೊಟ್ಟ ಹೋದ್ಲು ಖರೆ ಹೇಳು.”

ಎಲ್ಲ ಹಳ್ಳಿಯಲ್ಲೂ ಅದೇ ಮಾತು. ಮಾಡಿದ್ದುಣ್ಣೋ ಮಹರಾಯ. ಗೌಸಬಿ ಆಣೆ ಇಟ್ಟಳು, ಕೂಗಿದಳು, ಕೊನೆಗೆ ಸುಸ್ತಾಗಿ ಸುಮ್ಮನಾದಳು. ಮಲಾರವನ್ನು ಗೂಟಕ್ಕೆ ನೇತುಹಾಕಿ, ಬೆಳಿಗ್ಗೆ ಎದ್ದು ಕೊಡ ಹೊತ್ತು ಊರಾಚೆಯ ಕೆರೆಗೆ ನಡೆಯತೊಡಗಿದಳು. ಮೊಣಕಾಲು ನೋಯುತ್ತಿತ್ತು, ಕುಳಿತು ಕುಳಿತು ಬರುತ್ತಿದ್ದಳು. ನೀರನ್ನು ಸೋಸಿ, ಕುದಿಸಿ, ಆರಿಸಿ ಅಲ್ಫಿಯಾಳಿಗೆ ಕೊಡುತ್ತಿದ್ದಳು. ಯಾರಿಗೂ ಏನೂ ಹೇಳಲಿಲ್ಲ.

ಹೇಳಿದಾಗ ನಂಬದ ಊರು ಹೇಳದಿದ್ದಾಗ ಕಿವಿ ನೆಟ್ಟಗೆ ಮಾಡಿತು. ಮನೆ ಹತ್ತಿರ ನಳ ಇಟ್ಟುಕೊಂಡು ಗೌಸಬಿಯಂಥ ಗೌಸಬಿ ಕೆರೆಗೆ ಹೋಗುತ್ತಾಳೆಂದರೆ ಒಳಗೆ ಏನೋ ಇರಲೇಬೇಕು. ಒಂದು ವಾರ ಕಿಟಕಿಯಿಂದ ನೋಡಿದ ಕಳಕವ್ವ ಎಂಟನೇ ದಿನ ತಾನೂ ಕೊಡ ಹಿಡಿದು ಹಿಂದಿನಿಂದ ನಡೆದಳು. ಆದರೆ ಡಬ್ಬಿಗೆ ಹಲ್ಲು ಹಾಕುವುದಕ್ಕೆ ಅವಳೂ, ಉಳಿದವರೂ ಗೌಸಬಿಯ ಮುಖ ನೋಡುತ್ತ ಕಾಯುತ್ತಿದ್ದರು.

ಡಬ್ಬಿ ಒಯ್ಯಲು ಕಾವೇರಿ ಬರುವ ವಾರ ಅಲ್ಫಿಯಾಳ ಇನ್ನೊಂದು ಹಲ್ಲು ಬಿತ್ತು. ಗೌಸಬಿ ಅದನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು, ಹುಡುಗಿಯ ಕೈ ಹಿಡಿದು ಶಾಲೆಗೆ ಬಂದಳು. ಹೆಂಗಸರೆಲ್ಲ ನೆರೆದಿದ್ದರು. ಗಂಟು ಬಿಚ್ಚದೆಯೇ ಕಾವೇರಿಯ ಎದುರು ನಿಂತಳು.

“ಎಲ್ಲಾರ ಮುಂದ ಕೇಳ್ತೀನಿ, ಖರೆ ಹೇಳು ತಂಗಿ. ಈ ಹಲ್ಲು ಕೊಟ್ರ ನಮ್ಮ ಅಲ್ಫಿಯಾನ ಕಾಲು ನೆಟ್ಟಗ ಆಗತಾವೇನು?”

ಮಾಸ್ತರರು ಹಿಂದಿನಿಂದ ‘ಹೌದನ್ನು’ ಎಂದು ಕಣ್ಣಿನಲ್ಲೇ ಸನ್ನೆ ಮಾಡಿದರು. ಕಾವೇರಿ ಅವರನ್ನು ನೋಡಲಿಲ್ಲ. ಅವಳ ಕಣ್ಣು ಅಲ್ಫಿಯಾಳ ಮೊಣಕಾಲಿನ ಮೇಲಿತ್ತು.

“ಇಲ್ರಿ ಅಮ್ಮಾ. ಆ ನೀರು ಬಿಡಿಸೀರಿ, ಇನ್ನಷ್ಟು ಕೆಡೂದು ನಿಲ್ಲಬಹುದು. ಆಗಿದ್ದು ನೆಟ್ಟಗ ಆಗತೈತಿ ಅಂತ ನಾ ಹೇಳಾಕ ಬರಂಗಿಲ್ಲ.”

“ಮತ್ತ ಈ ಹಲ್ಲು ಯಾರಿಗೆ?”

“ಮುಂದ ಹುಟ್ಟೋ ಕೂಸುಗಳಿಗೆ.”

ಗೌಸಬಿಯ ಕಣ್ಣು ತುಂಬಿತು. ಇಷ್ಟು ವರ್ಷ ಎಷ್ಟು ಜನರನ್ನು ತಟ್ಟಿ ನೋಡಿದ್ದಳು, ಒಬ್ಬರಾದರೂ ಅವಳ ಮುಖಕ್ಕೆ ಇಂಥ ಕಹಿಯನ್ನು ಹೇಳಿರಲಿಲ್ಲ. ಕಾವೇರಿ ಹೌದು ಎಂದಿದ್ದರೆ ಅದು ಸುಳ್ಳೆಂದು ಗೌಸಬಿ ಮೊಮ್ಮಗಳನ್ನು ಎತ್ತಿಕೊಂಡು ಹೊರಟೇ ಹೋಗುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ, ಹಲ್ಲನ್ನು ಕಾವೇರಿಯ ಅಂಗೈಯಲ್ಲಿ ಇಟ್ಟು, ಆ ಅಂಗೈಯನ್ನು ತಾನೇ ಮಡಚಿದಳು.

“ತೊಗೋ. ಇದು ಖರೇನ ಆಕೀದು,” ಎಂದಳು.

ಕಳಕವ್ವ ಆಗಲೇ ಮೊಮ್ಮಗನನ್ನು ಪಕ್ಕಕ್ಕೆ ಎಳೆದು, ಬಾಯಿ ತೆರೆಸಿ, ಯಾವ ಹಲ್ಲು ಅಲುಗಾಡುತ್ತದೆಂದು ಬೆರಳಿಟ್ಟು ನೋಡುತ್ತಿದ್ದಳು.