ಚಾಚಾ ಕಾರ್ನರ್ ಬಿಟ್ಟ ವರ್ಷ

ನಮ್ಮ ಕಬಡ್ಡಿ ತಂಡದ ಅಂಕಗಳ ಪುಸ್ತಕ ಇನ್ನೂ ನನ್ನ ಹತ್ತಿರವೇ ಇದೆ. ಅದರ ಕೊನೆಯ ಪುಟ ಅರ್ಧಕ್ಕೆ ನಿಂತಿದೆ. ಆ ಭಾನುವಾರ ಬಿ.ಜಿ. ಕೆರೆಯ ಶಾಲೆಯ ಮೈದಾನದಲ್ಲಿ ಪೆನ್ನು ಬಿಸಾಕಿ ಓಡಿದವನು ಮತ್ತೆ ಅದರಲ್ಲಿ ಒಂದು ಗೆರೆಯನ್ನೂ ಬರೆದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬಿ.ಎ. ಮುಗಿಸಿ ಚಳ್ಳಕೆರೆಯಲ್ಲಿ ಕೆಲಸವಿಲ್ಲದೆ ಕೂತಿದ್ದೆ. ಆಡಲು ಮೈಯಲ್ಲಿ ಕಸುವಿರಲಿಲ್ಲ, ಅಕ್ಷರ ಮಾತ್ರ ದುಂಡಗಿತ್ತು. ಹಾಗಾಗಿ ತಂಡದವರು ಅಂಕ ಬರೆಯುವ ಕೆಲಸ ಕೊಟ್ಟಿದ್ದರು. ನನ್ನ ಚಿಕ್ಕಪ್ಪನ ಮಗ, ನನಗಿಂತ ಮೂರು ವರ್ಷ ಚಿಕ್ಕವನು, ನಮ್ಮ ಮುಖ್ಯ ರೈಡರ್. ಎದುರಾಳಿಯ ಅಂಕಣಕ್ಕೆ ಅವನು ನುಗ್ಗಿದರೆ ಬರಿಗೈಯಲ್ಲಿ ವಾಪಸಾಗುತ್ತಿದ್ದುದು ಅಪರೂಪ.

ಎಡ ಕಾರ್ನರ್‌ನಲ್ಲಿ ನಿಲ್ಲುತ್ತಿದ್ದವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದೆವು. ಬಸ್ ನಿಲ್ದಾಣದ ಹಿಂದಿನ ಗ್ಯಾರೇಜಿನಲ್ಲಿ ಲಾರಿ ರಿಪೇರಿ ಮಾಡುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ. ಒಂದು ಕಾಲದಲ್ಲಿ ಅವರ ಕೈಗೆ ಸಿಕ್ಕ ಕಾಲು ಬಿಡಿಸಿಕೊಂಡವರಿಲ್ಲವಂತೆ. ನಾನು ಬರೆಯಲು ಕೂತ ಹೊತ್ತಿಗೆ ಮಂಡಿ ಹೋಗಿತ್ತು. ಒಂದಿಡೀ ಪಂದ್ಯದಲ್ಲಿ ಅವರ ಹೆಸರಿನ ಮುಂದೆ ಒಂದೇ ಒಂದು ಅಂಕ ಬಿದ್ದರೆ ಹೆಚ್ಚು.

ಮೊಳಕಾಲ್ಮೂರಿನ ತಂಡಕ್ಕೆ ಅನುಭವಸ್ಥ ಕಾರ್ನರ್ ಬೇಕಾಗಿತ್ತು. ಅವರಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಹುಡುಗನೊಬ್ಬ ಚಿಗರೆಯಂತೆ ರೈಡ್ ಮಾಡುತ್ತಿದ್ದ. ಒಂದು ಸೀಸನ್‌ಗೆ ಅದಲುಬದಲು ಮಾಡಿಕೊಳ್ಳೋಣ ಎಂದು ಹೇಳಿ ಕಳಿಸಿದರು. ಬಟ್ಟೆ ಅಂಗಡಿಯ ನಮ್ಮ ಕ್ಯಾಪ್ಟನ್‌ಗೆ ಮನಸ್ಸಿರಲಿಲ್ಲ. ಟೀ ಅಂಗಡಿಯ ಬೆಂಚಿನ ಮೇಲೆ ಪುಸ್ತಕ ಬಿಚ್ಚಿ ತೋರಿಸಿದವನು ನಾನು.

"ನೋಡಣ್ಣ, ಇಲ್ಲಿ ಏನೈತೆ? ಖಾಲಿ. ಇಲ್ಲೂ ಖಾಲಿ. ಇಬ್ಬರು ರೈಡರ್ ಆದ್ರೆ ನಮ್ಮ ದಾಳಿ ಡಬಲ್ ಆಗ್ತೈತೆ."

"ಲೇ, ಹತ್ತು ವರ್ಷದಿಂದ ಆಡ್ತಿರೋ ಮನುಷ್ಯ ಕಣೋ."

"ಆಟ ಬೇರೆ, ಮರ್ಯಾದೆ ಬೇರೆ ಅಣ್ಣ."

ಓದಿದವನ ಮಾತು ಎಂದು ಒಪ್ಪಿಕೊಂಡರು. ಮೊಳಕಾಲ್ಮೂರಿನಲ್ಲಿ ಚಾಚಾನ ತಂಗಿಯ ಮನೆಯಿತ್ತು. ಭಾನುವಾರಗಳಲ್ಲಿ ಬಸ್ ಹತ್ತಿ ಹೋಗತೊಡಗಿದರು.

ಪುಸ್ತಕದಲ್ಲಿ ಬರೆಯಲು ಜಾಗವೇ ಇಲ್ಲದ ಕೆಲಸವೊಂದನ್ನು ಚಾಚಾ ಮಾಡುತ್ತಿದ್ದರು. ನನ್ನ ತಮ್ಮ ರೈಡ್‌ಗೆ ಹೋದಾಗ ಅವರು ಮಧ್ಯಗೆರೆಯ ಹತ್ತಿರ ಬಂದು ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಆಟ ನೋಡುತ್ತಿರಲಿಲ್ಲ, ಅವನ ಉಸಿರು ಕೇಳುತ್ತಿದ್ದರು. ಕಬಡ್ಡಿ ಕಬಡ್ಡಿ ಎನ್ನುವಾಗ ಕೊನೆಯ 'ಡ್ಡಿ' ಸವೆಯತೊಡಗಿದರೆ ಉಸಿರು ಮುಗಿಯುತ್ತ ಬಂತೆಂದು ಅರ್ಥ. ಎದುರಿನ ಅಂಕಣದಲ್ಲಿ ಉಸಿರು ಕಡಿದರೆ ರೈಡರ್ ಔಟ್. ಆದರೆ ಆಟದ ಹುರುಪಿನಲ್ಲಿರುವವನಿಗೆ ತನ್ನ ಉಸಿರಿನ ಅಳತೆ ಸಿಗುವುದಿಲ್ಲ. ಚಾಚಾ ಅಂಗೈ ಗುಳಿ ಮಾಡಿ ಎರಡು ಸಲ ಚಪ್ಪಾಳೆ ತಟ್ಟುತ್ತಿದ್ದರು. ಗ್ರೀಸು ತಿಂದ ಆ ಕೈಗಳ ಸದ್ದು ಎಷ್ಟು ಗದ್ದಲದಲ್ಲೂ ಬೇರೆಯಾಗಿ ಕೇಳುತ್ತಿತ್ತು. ಅದು ಕಿವಿಗೆ ಬಿದ್ದ ಕೂಡಲೇ ತಮ್ಮ ಹಿಂದೆಮುಂದೆ ನೋಡದೆ ಗೆರೆಯತ್ತ ತಿರುಗಿಬಿಡುತ್ತಿದ್ದ.

ಚಾಚಾ ಹೋದ ಮೇಲೆ ಅವನು ಸಿಕ್ಕಿಬೀಳತೊಡಗಿದ. ಉಸಿರು ಉಳಿಸಿಕೊಳ್ಳಲು ಬೇಗ ವಾಪಸಾಗುತ್ತಿದ್ದ, ಇಲ್ಲವೇ ತೀರಾ ಒಳಗೆ ಹೋಗಿ ಅಲ್ಲೇ ಉಸಿರು ಬಿಡುತ್ತಿದ್ದ. ಟೀ ಅಂಗಡಿಯಲ್ಲಿ ದಿನವೂ ಅದೇ ಜಗಳ.

"ಮುದುಕನ್ನ ಕೊಟ್ಟು ರೈಡೇ ಹಾಳು ಮಾಡ್ಕೊಂಡ್ವಿ."

"ಮುದುಕ ಏನ್ ರೈಡಿಗೆ ಹೋಗ್ತಿದ್ನಾ? ಇವನ ತಮ್ಮಂಗೆ ಕೊಬ್ಬು ಕಣಲೇ."

"ಹೊಸ ಹುಡುಗ ಪಾಯಿಂಟ್ ತರ್ತಿಲ್ವಾ?" ಎನ್ನುತ್ತಿದ್ದೆ ನಾನು.

ಹೊಸ ಹುಡುಗ ಚೆನ್ನಾಗಿಯೇ ಆಡುತ್ತಿದ್ದ. ನನ್ನ ಮಾತು ನಿಂತಿದ್ದುದು ಅವನ ಆ ಅಂಕಗಳ ಮೇಲೆ. ತಮ್ಮನ ಖಾಲಿ ಸಾಲುಗಳನ್ನು ಯಾರಾದರೂ ಎತ್ತಿದರೆ ಪುಟ ತಿರುಗಿಸುತ್ತಿದ್ದೆ.

ಆ ಭಾನುವಾರ ಎದುರಿಗಿದ್ದುದು ಮೊಳಕಾಲ್ಮೂರಿನವರೇ. ಸುಣ್ಣದ ಗೆರೆಯಾಚೆ, ಅವರ ಎಡ ಕಾರ್ನರ್‌ನಲ್ಲಿ ಚಾಚಾ. ಆಟ ಮುಗಿಯಲು ಸ್ವಲ್ಪ ಹೊತ್ತಿತ್ತು, ನಾವು ಎರಡು ಅಂಕ ಹಿಂದಿದ್ದೆವು. ತಮ್ಮ ನುಗ್ಗಿದ. ಒಬ್ಬನನ್ನು ಮುಟ್ಟಿದ. ಅಷ್ಟಕ್ಕೇ ಬರಬಹುದಿತ್ತು, ಇನ್ನೂ ಒಳಗೆ ಹೋದ. ಅವನ ಮುಖ ಚಾಚಾನ ಕಡೆಗಿತ್ತು. ಕಬಡ್ಡಿಯ ಕೊನೆ ಸವೆಯುವುದು ನಾನು ಕೂತಲ್ಲಿಗೂ ಕೇಳಿಸಿತು.

ಚಾಚಾನ ಕೈಗಳು ಎದ್ದವು. ಎರಡು ಚಪ್ಪಾಳೆ.

ತಮ್ಮ ತಿರುಗಿದ. ತಿರುಗಿದವನ ಬೆನ್ನಿಗೆ, ಕೈಕೈ ಹಿಡಿದು ಕಾದಿದ್ದ ಇಬ್ಬರು ಡಿಕ್ಕಿ ಹೊಡೆದರು. ಕಾಲು ಮೇಲಾಯಿತು, ತಲೆ ನೆಲಕ್ಕೆ ಬಡಿಯಿತು. ಎದ್ದ ಧೂಳು ಇಳಿಯುವವರೆಗೂ ಅವನು ಅಲುಗಲಿಲ್ಲ.

ಮೊದಲು ಮಂಡಿಯೂರಿದವರು ಚಾಚಾ. ಎರಡೂ ಅಂಗೈಗಳಲ್ಲಿ ಅವನ ತಲೆಯನ್ನು ಬಿದ್ದ ಹಾಗೆಯೇ ಹಿಡಿದು "ಮುಟ್ಬೇಡಿ, ಯಾರೂ ಎತ್ಬೇಡಿ" ಎಂದು ಕೂಗುತ್ತಿದ್ದರು. ನಮ್ಮವರು "ಮೋಸ, ಮೋಸ" ಎನ್ನುತ್ತ ನುಗ್ಗಿದರು. ಎಲ್ಲರಿಗಿಂತ ಮುಂದೆ ನಾನಿದ್ದೆ. ಅವರ ಅಂಗಿಯ ಕತ್ತುಪಟ್ಟಿ ಹಿಡಿದು ಹಿಂದಕ್ಕೆ ಎಳೆದೆ. "ನಮ್ಮ ಹುಡುಗನ್ನ ಮುಟ್ಬೇಡ" ಎಂದೆ. ಅವರನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. ಅವರ ಕೈ ಜಾರಿತು. ತಮ್ಮನ ತಲೆ ಒಂದು ಪಕ್ಕಕ್ಕೆ ವಾಲಿತು.

ನನಗೆ ಈಗಲೂ ಕಾಣುವುದು ಅದೇ. ಡಿಕ್ಕಿಯಲ್ಲ, ಧೂಳಲ್ಲ. ಹಿಡಿಯುವವರಿಲ್ಲದೆ ತಲೆ ವಾಲಿದ ರೀತಿ.

"ಅಣ್ಣ, ನನ್ ಕೈ ಎಲ್ಲಿ?" ಎಂದ ತಮ್ಮ.

ಚಾಚಾ ಎದ್ದು ಬಂದು ಮತ್ತೆ ಅವನ ತಲೆ ಹಿಡಿದರು. ಈ ಸಲ ಯಾರೂ ತಡೆಯಲಿಲ್ಲ. ಶಾಲೆಯ ಬಾಗಿಲೊಂದನ್ನು ಕಿತ್ತು ತಂದು ಅದರ ಮೇಲೆ ಮಲಗಿಸಿ, ಶೇಂಗಾ ಹೇರುವ ಟೆಂಪೋದಲ್ಲಿ ಚಳ್ಳಕೆರೆ, ಅಲ್ಲಿಂದ ಚಿತ್ರದುರ್ಗ. ದಾರಿಯುದ್ದಕ್ಕೂ ಚಾಚಾ ಕೈ ತೆಗೆಯಲಿಲ್ಲ. ರಸ್ತೆಯ ಗುಂಡಿಗಳಲ್ಲಿ ಟೆಂಪೋ ಎಗರಿದಾಗ ಅವರ ಮೊಣಕೈ ಕಬ್ಬಿಣಕ್ಕೆ ಬಡಿದು ಚರ್ಮ ಸುಲಿಯಿತು. ತಲೆ ತಗ್ಗಿಸಿ ಅವನ ಉಸಿರು ಕೇಳುತ್ತಲೇ ಇದ್ದರು. ನಾನು ಎದುರಿಗೆ ಕೂತು ದೇವರೇ, ಬದುಕಿಸು ಎನ್ನುತ್ತಿದ್ದೆ.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಬಿದ್ದ ಮೇಲೆ ಕತ್ತು ಅಲುಗಾಡಿತ್ತಾ?" ಎಂದು. ಚಾಚಾ ನನ್ನ ಮುಖ ನೋಡಲಿಲ್ಲ. ನಾನು ಬಾಯಿ ಬಿಡಲಿಲ್ಲ.

ತಮ್ಮ ಬದುಕಿದ. ತಲೆ ಅಲುಗದಂತೆ ಎರಡೂ ಪಕ್ಕ ಮರಳಿನ ಚೀಲ ಇಟ್ಟುಕೊಂಡು ವಾರಗಟ್ಟಲೆ ಮಲಗಿದ. ಮೊದಲು ಕಾಲಿಗೆ ಸ್ಪರ್ಶ ಬಂತು, ಆಮೇಲೆ ಎಡಗೈಗೆ. ಚಿಕ್ಕಮ್ಮ ಅವನ ಬಲಗೈ ಬೆರಳುಗಳನ್ನು ಒಂದೊಂದಾಗಿ ಮಡಿಸುತ್ತಿದ್ದರು. ಬಿಟ್ಟ ಕೂಡಲೇ ಅವು ಸಡಿಲವಾಗಿ ಬಿಚ್ಚಿಕೊಳ್ಳುತ್ತಿದ್ದವು.

ಅವನು ಮನೆಗೆ ಬರುವ ಹೊತ್ತಿಗೆ ಟೀ ಅಂಗಡಿಯ ಜಗಳ ಎರಡು ಪಕ್ಷವಾಗಿತ್ತು. ಒಂದು ಕಡೆಯವರು ಚಾಚಾ ಬೇಕೆಂದೇ ತಿರುಗಿಸಿ ಬೀಳಿಸಿದರು ಎಂದರು. ಇನ್ನೊಂದು ಕಡೆಯವರು ಅವರನ್ನು ಕೊಟ್ಟದ್ದೇ ತಪ್ಪು, ಅವರಿಲ್ಲದೆ ನಮ್ಮ ದಾಳಿಯೇ ಸತ್ತಿತು ಎಂದರು. ಕ್ಯಾಪ್ಟನ್ ನನಗೆ, "ನೀನೇ ಕಳಿಸಿದ್ದು, ನೀನೇ ಹೋಗಿ ಕರ್ಕೊಂಡ್ ಬಾ" ಎಂದರು.

ಗ್ಯಾರೇಜಿಗೆ ಹೋದೆ. ಚಾಚಾ ಲಾರಿಯ ಕೆಳಗಿಂದ ಈಚೆ ಬಂದು ಕೈ ಒರೆಸಿಕೊಂಡರು.

"ಒಂದು ಮಾತು ಹೇಳು ಬೇಟಾ. ನೀನು ನೋಡ್ತಿದ್ದೆ. ನಾನು ಚಪ್ಪಾಳೆ ತಟ್ಟಿದ್ನಾ? ನನಗೆ ಖರೇ ನೆನಪಿಲ್ಲ. ಅವನ ಉಸಿರು ಹೋಗ್ತಿತ್ತು, ಅಷ್ಟೇ ಗೊತ್ತು."

ಸುಳ್ಳು ಹೇಳಬಹುದಿತ್ತು. "ತಟ್ಟಿದ್ರಿ ಚಾಚಾ. ಎರಡು ಸಲ."

ಅವರು ಒರೆಸಿದ ಕೈಗಳನ್ನೇ ಮತ್ತೆ ಒರೆಸಿಕೊಂಡರು. ಆಮೇಲೆ ಕೇಳಿದರು, "ಡಾಕ್ಟರ್ ಏನಂದ್ರು? ಬಿದ್ದಾಗ ಆಗಿದ್ದಾ, ಆಮೇಲೆ ಆಗಿದ್ದಾ?"

"ಗೊತ್ತಾಗಲ್ಲ ಅಂದ್ರು."

"ಹಂಗಾದ್ರೆ ಅರ್ಧ ನಂದು, ಅರ್ಧ ನಿಂದು. ಇಟ್ಕೊಳ್ಳೋಣ."

ಅದಲುಬದಲಿನ ಮಾತು ನನ್ನದೆಂದು ಹೇಳಲು ಬಾಯಿ ತೆರೆದೆ. "ಅದು ಬಸ್ ಹತ್ತೋ ಮುಂಚೇನೇ ಗೊತ್ತಿತ್ತು" ಎಂದರು. "ನೀನು ಬರೆದಿದ್ದು ಸುಳ್ಳಲ್ಲ ಬಿಡು. ನನ್ನ ಪಾಯಿಂಟ್ ಇರ್ಲಿಲ್ಲ." ತಂಡಕ್ಕೆ ಮಾತ್ರ ಬರಲಿಲ್ಲ. ಮತ್ತೆ ಯಾವ ಮೈದಾನದಲ್ಲೂ ಅವರನ್ನು ನಾನು ಕಾಣಲಿಲ್ಲ.

ತಮ್ಮ ಈಗ ನಡೆಯುತ್ತಾನೆ, ಎಡಗೈಯಲ್ಲಿ ಊಟ ಮಾಡುತ್ತಾನೆ. ಮಧ್ಯಾಹ್ನ ಅವನು ಮಲಗಿದ್ದಾಗ ನಾನು ಬಾಗಿಲ ಹತ್ತಿರ ನಿಂತು ಉಸಿರು ಕೇಳುತ್ತೇನೆ. ಎಲ್ಲಿ ಸವೆಯುತ್ತಿದೆ ಎಂದು ತಿಳಿಯುವ ಕಿವಿ ನನಗಿಲ್ಲ. ಅದಕ್ಕೇ ಅವನು ಏಳುವವರೆಗೂ ಅಲ್ಲೇ ನಿಂತಿರುತ್ತೇನೆ.